ಕೊಟ್ಟಷ್ಟೂ ಬೆಳೆಯುವ ಒಂದೆಲಗ

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಹೆಸರಿನಲ್ಲಿ ಒಂದೇ ಎಲೆ, ಆದರೆ ಬುಟ್ಟಿ ತುಂಬ ಎಲೆ ಕೊಡುವ ಗಿಡ ಯಾವುದು? ಹೊಳೆಯದಿದ್ದರೆ ಪಕ್ಕದಲ್ಲಿ ಕೂತ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ. ಮಲೆನಾಡಿನ ಅಜ್ಜಿಯಾದರೆ "ಒಂದೆಲಗ" ಎನ್ನುತ್ತಾರೆ. ಮಂಗಳೂರು, ಪುತ್ತೂರು ಕಡೆಯ ತುಳು ಮಾತಾಡುವ ಅಜ್ಜಿ "ತಿಮರೆ" ಎನ್ನುತ್ತಾರೆ. ಕೊಂಕಣಿ ಮನೆಯಲ್ಲಿ ಅದು "ಎಕ್‌ಪಾನಿ". ಅಲ್ಲೂ ಒಂದೇ ಎಲೆಯ ಲೆಕ್ಕ, ನೋಡಿ! ಒಂದೊಂದು ತೊಟ್ಟಿನ ತುದಿಗೂ ಒಂದೊಂದೇ ಎಲೆ ಇರುವುದರಿಂದ ಈ ಹೆಸರು.

ಈ ಗಿಡ ನೆಲ ಬಿಟ್ಟು ಮೇಲೇಳುವುದಿಲ್ಲ. ನೆಲದ ಮೇಲೇ ಹರಿದು, ಚಾಪೆ ಹಾಸಿದ ಹಾಗೆ ಹಬ್ಬುತ್ತದೆ. ಗದ್ದೆಯ ಬದು, ತೋಟದ ಕಾಲುವೆಯ ಅಂಚು, ಬಾವಿಕಟ್ಟೆಯ ಪಕ್ಕ ಎಲ್ಲಿ ನೀರಿನ ಪಸೆ ಇದೆಯೋ ಅಲ್ಲಿ ಅದರ ಮನೆ. ಸಂಸ್ಕೃತದಲ್ಲಿ ಇದಕ್ಕೆ ಮಂಡೂಕಪರ್ಣಿ ಎಂದು ಹೆಸರು. ಮಂಡೂಕ ಎಂದರೆ ಕಪ್ಪೆ. ಕಪ್ಪೆ ಕುಪ್ಪಳಿಸುವ ಒದ್ದೆ ಜಾಗದ ಗಿಡಕ್ಕೆ ಒಪ್ಪುವ ಹೆಸರೇ.

ಅಂಥ ಒದ್ದೆ ಜಾಗಗಳು ಊರುಗಳಲ್ಲಿ ಕಡಿಮೆಯಾಗುತ್ತಿವೆ. ಹಿತ್ತಲಿಗೆ ಸಿಮೆಂಟು ಬಿತ್ತು, ಬಾವಿಗೆ ಮುಚ್ಚಳ ಬಿತ್ತು. ಹಾಗಾಗಿ ಈ ಗಿಡವನ್ನು ಕುಂಡದಲ್ಲಿ ಬೆಳೆಸಿ, ಒಂದನ್ನು ಹತ್ತು ಮಾಡುವುದು ಹೇಗೆ ಎಂದು ಹೇಳುತ್ತೇನೆ. ನಾನು ಕೃಷಿ ಓದಿದವನಲ್ಲ. ಬಿ.ಕಾಂ. ಮಾಡಿ, ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಜೀವಮಾನವಿಡೀ ಲೆಕ್ಕ ಬರೆದವನು. ಆದರೆ ಈ ಗಿಡದ ಸ್ವಭಾವ ನಮ್ಮ ಲೆಕ್ಕದ ಪುಸ್ತಕಕ್ಕೆ ಬಹಳ ಹತ್ತಿರ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಗುರುತು ಹಿಡಿಯುವುದು

ಎಲೆ ಮೂತ್ರಪಿಂಡದ ಆಕಾರ. ತೊಟ್ಟು ಸೇರುವ ಕಡೆ ಒಂದು ಕಚ್ಚು ಇರುತ್ತದೆ, ದೋಸೆಯಿಂದ ಒಂದು ಚೂರು ಹರಿದು ತೆಗೆದ ಹಾಗೆ. ಅಂಚು ನೆರಿಗೆನೆರಿಗೆಯಾಗಿರುತ್ತದೆ. ತೊಟ್ಟುಗಳೆಲ್ಲ ಒಂದೇ ಬುಡದಿಂದ ಗೊಂಚಲಾಗಿ ಏಳುತ್ತವೆ. ಇದನ್ನೇ ಹೋಲುವ ಇನ್ನೊಂದು ಗಿಡವಿದೆ. ಅದರ ಎಲೆ ದುಂಡಗೆ ನಾಣ್ಯದ ಹಾಗಿದ್ದು, ತೊಟ್ಟು ಎಲೆಯ ನಡುಮಧ್ಯಕ್ಕೆ ಬಂದು ಸೇರುತ್ತದೆ, ಕೊಡೆಯ ಕೋಲಿನಂತೆ. ಅದು ಒಂದೆಲಗ ಅಲ್ಲ.

ಇನ್ನೊಂದು ಗೊಂದಲ "ಬ್ರಾಹ್ಮಿ" ಎಂಬ ಹೆಸರಿನದು. ನಮ್ಮಲ್ಲಿ ಬಹಳ ಜನ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಕೇರಳದಲ್ಲಿ ಬ್ರಹ್ಮಿ ಎಂದರೆ ಬೇರೆಯೇ ಗಿಡ. ಅದರ ಎಲೆ ಚಿಕ್ಕದು, ದಪ್ಪನೆಯದು, ಹೂವು ಬಿಳಿ ಅಥವಾ ತಿಳಿ ನೇರಳೆ. ಅದನ್ನು ನಾವು ನೀರುಬ್ರಾಹ್ಮಿ ಎನ್ನುತ್ತೇವೆ. ಹೆಸರು ಒಂದೇ ಆದರೂ ಖಾತೆ ಬೇರೆ. ನರ್ಸರಿಗೆ ಹೋದರೆ ಹೆಸರು ಕೇಳಿ ಸುಮ್ಮನಾಗಬೇಡಿ, ಎಲೆ ನೋಡಿಯೇ ಕೊಳ್ಳಿ.

ಒಂದೆಲಗದ ವೈಜ್ಞಾನಿಕ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇದಕ್ಕೆ ಬೇರೊಂದು ಹೆಸರಿಟ್ಟಿದ್ದರು. ಈಗಿನ ಹೆಸರು ಬಂದದ್ದು 1879ರಲ್ಲಿ, ಜರ್ಮನಿಯ ಉರ್ಬಾನ್ ಎಂಬ ಸಸ್ಯಶಾಸ್ತ್ರಜ್ಞರಿಂದ. ಇದರ ನೆಂಟರಿಷ್ಟರು ಯಾರು ಗೊತ್ತೆ? ಕೊತ್ತಂಬರಿ, ಜೀರಿಗೆ, ಓಮ, ಕ್ಯಾರೆಟ್! ಇವೆಲ್ಲ ಒಂದೇ ಕುಟುಂಬದವು. ಅಡುಗೆಮನೆಯ ಡಬ್ಬಿಗಳಲ್ಲಿ ಒಂದೆಲಗದ ಅಕ್ಕತಂಗಿಯರು ಕೂತಿದ್ದಾರೆ ಎಂದಾಯಿತು.

ನಡೆಯುವ ಗಿಡ

ಕೊತ್ತಂಬರಿಯನ್ನು ಬೀಜದಿಂದ ಬೆಳೆಸುತ್ತೇವೆ. ಒಂದೆಲಗಕ್ಕೂ ಹೂವು, ಬೀಜ ಉಂಟು. ಎಲೆಗಳನ್ನು ಸರಿಸಿ ಬುಡದ ಹತ್ತಿರ ಭೂತಗನ್ನಡಿ ಹಿಡಿದು ನೋಡಿ. ಗುಲಾಬಿ ಛಾಯೆಯ ಸಾಸಿವೆ ಗಾತ್ರದ ಹೂಗಳು ಮಣ್ಣಿಗೆ ಮುಖ ತಾಗಿಸಿಕೊಂಡು ಅಡಗಿರುತ್ತವೆ. ಆದರೆ ಇದರ ಬೀಜ ಮೊಳೆಯುವುದು ನಿಧಾನ, ಮೊಳೆಯುವುದೂ ಕೆಲವೇ. ಗಿಡ ಅದಕ್ಕೆ ಕಾಯುತ್ತಾ ಕೂರುವುದಿಲ್ಲ. ಅದಕ್ಕೆ ಇನ್ನೊಂದು ದಾರಿ ಗೊತ್ತು.

ತಾಯಿಗಿಡದ ಬುಡದಿಂದ ದಾರದಂಥ ಒಂದು ಹಂಬು ಹೊರಡುತ್ತದೆ. ಹಸಿರು ಬಣ್ಣದ್ದು, ಕೆಲವೊಮ್ಮೆ ಕೆಂಪು ಛಾಯೆಯದು. ನೋಡಲು ಬೇರಿನಂತಿದ್ದರೂ ಅದು ಕಾಂಡ. ಹಂಬಿನಲ್ಲಿ ಅಲ್ಲಲ್ಲಿ ಗೆಣ್ಣುಗಳಿರುತ್ತವೆ, ಕಬ್ಬಿನ ಗೆಣ್ಣಿನ ಹಾಗೆ, ಆದರೆ ತೀರಾ ಸಣ್ಣವು. ಗೆಣ್ಣಿಗೆ ಒದ್ದೆ ಮಣ್ಣು ತಾಗಿತೋ, ಕೆಳಗೆ ಬೇರು, ಮೇಲೆ ಎಲೆ. ಅಲ್ಲೊಂದು ಮರಿಗಿಡ! ಆ ಮರಿ ದೊಡ್ಡದಾಗಿ ತಾನೂ ಹಂಬು ಚಾಚುತ್ತದೆ. ಹೀಗೆ ಗಿಡ ಹೆಜ್ಜೆ ಇಡುತ್ತಾ ನಡೆಯುತ್ತದೆ.

ಮರಿಗೆ ಸ್ವಂತ ಬೇರು ಬರುವ ತನಕ ಊಟ, ನೀರು ಎಲ್ಲ ಆ ಹಂಬಿನ ಮೂಲಕ ತಾಯಿಯಿಂದಲೇ. ಬೇರು ಬಂದ ಮೇಲೆ ಹಂಬು ತುಂಡಾದರೂ ಮರಿ ಬದುಕುತ್ತದೆ. ಬೀಜವಿಲ್ಲದೆ, ಗಿಡದ ದೇಹದ ಒಂದು ಭಾಗದಿಂದಲೇ ಹೊಸ ಗಿಡ ಹುಟ್ಟುವ ಈ ಬಗೆಗೆ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಕಾಯಜ ಸಂತಾನೋತ್ಪತ್ತಿ ಎಂಬ ದೊಡ್ಡ ಹೆಸರಿದೆ. ಗಣೇಶನ ಹಬ್ಬಕ್ಕೆ ಕೀಳುವ ಗರಿಕೆಯೂ ನೆಲದ ಮೇಲೆ ಹೀಗೇ ಹಬ್ಬುತ್ತದೆ. ಸ್ಟ್ರಾಬೆರಿಯೂ ಹೀಗೇ.

ಇಲ್ಲಿ ಒಂದು ವಿಶೇಷವಿದೆ. ಬೀಜದಿಂದ ಹುಟ್ಟಿದ ಗಿಡದಲ್ಲಿ ಸ್ವಲ್ಪ ಅಪ್ಪ, ಸ್ವಲ್ಪ ಅಮ್ಮ ಇರುತ್ತಾರೆ, ನಿಮ್ಮ ಹಾಗೆ. ಹಂಬಿನಿಂದ ಬಂದ ಮರಿ ಹಾಗಲ್ಲ. ಅದು ತಾಯಿಯ ತದ್ರೂಪು. ನಿಜ ಹೇಳಬೇಕೆಂದರೆ ಅದೇ ಗಿಡ ಇನ್ನೊಂದು ಕಡೆ ಬೇರು ಬಿಟ್ಟಿದೆ, ಅಷ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಂಡ ಮತ್ತು ಮಣ್ಣು

ಒಂದೆಲಗದ ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಆಳದ ಕುಂಡಕ್ಕಿಂತ ಅಗಲದ ಪಾತ್ರೆ ಮೇಲು. ಒಂದೂವರೆ ಅಡಿ ಅಗಲ, ಆರು ಇಂಚು ಆಳದ ಹಳೆಯ ಪ್ಲಾಸ್ಟಿಕ್ ಟಬ್ ಸಾಕು. ತಳದಲ್ಲಿ ನಾಲ್ಕೈದು ತೂತು ಇರಲಿ. ತೂತು ಮಾಡುವ ಕೆಲಸ ದೊಡ್ಡವರದು, ಮಕ್ಕಳದಲ್ಲ.

ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಮರಳು ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಉದುರಬೇಕು. ಅದೇ ಹದ.

ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬಿದ್ದು, ಮಧ್ಯಾಹ್ನ ನೆರಳಾಗುವ ಜಾಗ ಇದಕ್ಕೆ ಇಷ್ಟ. ತೀರಾ ನೆರಳಾದರೆ ತೊಟ್ಟು ಉದ್ದವಾಗಿ ಗಿಡ ಸೋತು ಮಲಗುತ್ತದೆ. ತೀರಾ ಬಿಸಿಲಾದರೆ ಎಲೆ ಚಿಕ್ಕದಾಗಿ ಒರಟಾಗುತ್ತದೆ. ಮಣ್ಣು ಒಣಗಬಾರದು. ಬೇಸಿಗೆಯಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕು. ಅಕ್ಕಿ ತೊಳೆದ ನೀರನ್ನೂ ಹಾಕಬಹುದು. ಸೋಪಿನ ನೀರು ಮಾತ್ರ ಬೇಡ.

ಮರಿ ಮಾಡುವ ಕೆಲಸ

ಇದು ಅಜ್ಜ, ಮೊಮ್ಮಕ್ಕಳು ಜೊತೆಗೆ ಕೂತು ಮಾಡುವ ಕೆಲಸ. ಅಜ್ಜನಿಗೆ ಬಗ್ಗುವುದು ಕಷ್ಟ, ಮಕ್ಕಳಿಗೆ ತಾಳ್ಮೆ ಕಷ್ಟ. ಇಬ್ಬರೂ ಸೇರಿದರೆ ಸರಿಹೋಗುತ್ತದೆ.

ಮೊದಲು ಒಂದು ತೆಂಗಿನ ಕರಟ ತನ್ನಿ. ಮೂರು ಕಣ್ಣಿರುವ ಭಾಗವೇ ಬೇಕು. ಮೆತ್ತಗಿರುವ ಕಣ್ಣನ್ನು ಚುಚ್ಚಿದರೆ ನೀರು ಇಳಿಯಲು ತೂತು ತಾನೇ ಸಿದ್ಧ. ಕರಟಕ್ಕೆ ಮಣ್ಣು ತುಂಬಿ, ನೀರು ಚಿಮುಕಿಸಿ, ತಾಯಿಗಿಡದ ಟಬ್ಬಿನ ಪಕ್ಕದಲ್ಲಿ ಇಡಿ. ಅಲುಗಾಡದಂತೆ ಕೆಳಗೆ ಒಂದು ಹಳೆಯ ಬಟ್ಟೆಯ ಸಿಂಬೆ ಇರಲಿ.

ಈಗ ಒಂದು ಉದ್ದದ ಹಂಬು ಆರಿಸಿ. ಅದನ್ನು ಕತ್ತರಿಸದೆ, ಮೆಲ್ಲಗೆ ಕರಟದ ಕಡೆ ತಿರುಗಿಸಿ, ಒಂದು ಗೆಣ್ಣು ಮಣ್ಣಿನ ಮೇಲೆ ಕೂರುವಂತೆ ಮಾಡಿ. ಪೊರಕೆಯ ಒಂದು ಕಡ್ಡಿಯನ್ನು ನೆನೆಸಿ, ತಲೆಪಿನ್ನಿನ ಹಾಗೆ ಬಗ್ಗಿಸಿ, ಹಂಬಿನ ಮೇಲೆ ಚುಚ್ಚಿ. ಗೆಣ್ಣು ಮಣ್ಣಿಗೆ ತಾಗಿದ್ದರೆ ಸಾಕು. ಎಲೆಯನ್ನು ಹೂಳಬಾರದು.

ಆಮೇಲಿನದು ಕಾಯುವ ಕೆಲಸ. ದಿನಾ ಕರಟಕ್ಕೆ ಎರಡು ಚಮಚ ನೀರು. ಒಂದು ವಾರ, ಹತ್ತು ದಿನದಲ್ಲಿ ಬೇರು ಇಳಿಯಲು ಶುರುವಾಗುತ್ತದೆ. "ಬಂತಾ, ಬಂತಾ" ಎಂದು ದಿನಾ ಕಿತ್ತು ನೋಡಿದರೆ ಎಂದೂ ಬರುವುದಿಲ್ಲ! ಎರಡು ಮೂರು ವಾರವಾದ ಮೇಲೆ ಎಲೆಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಹಗುರಾಗಿ ಎಳೆಯಿರಿ. ಗಿಡ ಮಣ್ಣನ್ನು ಬಿಡದೆ ಹಿಡಿದುಕೊಂಡರೆ, ಹೊಸದಾಗಿ ಒಂದು ಎಲೆಯೂ ಬಿಟ್ಟಿದ್ದರೆ, ಹಂಬನ್ನು ಕತ್ತರಿಸಬಹುದು. ಸಡಿಲವಾಗಿದ್ದರೆ ಇನ್ನೊಂದು ವಾರ ತಡೆಯಿರಿ. ಮರಿ ಸ್ವಂತ ಕಾಲ ಮೇಲೆ ನಿಂತ ಮೇಲೇ ತಾಯಿಯಿಂದ ಬಿಡಿಸುವುದು.

ಬೇರು ಬರುವುದನ್ನು ಕಣ್ಣಾರೆ ನೋಡಬೇಕು ಎನ್ನುವ ಆತುರದವರಿಗೆ ಇನ್ನೊಂದು ಉಪಾಯವಿದೆ. ಎರಡು ಗೆಣ್ಣಿರುವ ಒಂದು ಹಂಬಿನ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಇಡಿ. ಗೆಣ್ಣು ನೀರಿನಲ್ಲಿ, ಎಲೆ ಹೊರಗೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬಿಳಿ ಎಳೆಯಂಥ ಬೇರುಗಳು ಇಳಿಯುವುದು ಹೊರಗಿನಿಂದಲೇ ಕಾಣುತ್ತದೆ. ಅಳತೆಪಟ್ಟಿ ಹಿಡಿದು ದಿನಾ ಎಷ್ಟು ಬೆಳೆಯಿತು ಎಂದು ಬರೆದಿಡಿ. ಬೇರು ಒಂದು ಇಂಚಾದಾಗ ಮಣ್ಣಿಗೆ ಬದಲಿಸಿ.

ಚಕ್ರಬಡ್ಡಿಯ ಲೆಕ್ಕ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಒಂದು ಗಿಡ ತಿಂಗಳಿಗೆ ಒಂದು ಮರಿ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಸುಮ್ಮನೆ ಲೆಕ್ಕಕ್ಕೆ.

ತಾಯಿಗಿಡ ಮಾತ್ರ ಮರಿ ಕೊಟ್ಟರೆ 12 ತಿಂಗಳಲ್ಲಿ 12 ಮರಿ, ತಾಯಿ ಸೇರಿ 13. ಇದು ಸರಳಬಡ್ಡಿ. ಮರಿಗಳೂ ಮುಂದಿನ ತಿಂಗಳಿನಿಂದ ಮರಿ ಕೊಡಲು ಶುರುಮಾಡಿದರೆ? ಒಂದು ಎರಡಾಯಿತು, ಎರಡು ನಾಲ್ಕು, ನಾಲ್ಕು ಎಂಟು. ಆರನೇ ತಿಂಗಳಿಗೆ 64. 12ನೇ ತಿಂಗಳಿಗೆ ಎಷ್ಟು? ಪೆನ್ಸಿಲ್ ಹಿಡಿದು ಮಾಡಿ ನೋಡಿ, ಆಮೇಲೆ ಮುಂದೆ ಓದಿ. 4,096! ಇದು ಚಕ್ರಬಡ್ಡಿ. ಬಡ್ಡಿಗೂ ಬಡ್ಡಿ.

ಹಾಗಾದರೆ ನನ್ನ ತಾರಸಿಯಲ್ಲಿ ನಾಲ್ಕು ಸಾವಿರ ಗಿಡ ಏಕಿಲ್ಲ? ಟಬ್ಬಿಗೆ ಅಂಚಿದೆಯಲ್ಲ! ಟಬ್ ತುಂಬಿದ ಮೇಲೆ ಗಿಡಗಳು ಒಂದರ ಮೇಲೊಂದು ಬಿದ್ದು, ಅನ್ನ ನೀರಿಗೆ ಕಚ್ಚಾಡಿ ಸೊರಗುತ್ತವೆ. ನಡುವಿನವು ಹಳದಿಯಾಗುತ್ತವೆ. ಹಂಬುಗಳು ಅಂಚು ದಾಟಿ ಗಾಳಿಯಲ್ಲಿ ನೇತಾಡಿ ಒಣಗುತ್ತವೆ. ಬೆಳೆಯಲು ಜಾಗ ಬೇಕು, ನಮ್ಮಲ್ಲಿರುವ ಜಾಗ ಒಂದೂವರೆ ಅಡಿ. ಹಾಗಾಗಿ ಈ ಗಿಡ ಸಾಕಿದವರಿಗೆ ಉಳಿಯುವ ದಾರಿ ಒಂದೇ, ಕೊಡುವುದು.

ಬೇರೆ ಮನೆಯ ಠೇವಣಿ

ನಮ್ಮ ಟಬ್ಬಿನ ಒಂದೆಲಗ ಬಂದದ್ದು ನನ್ನ ಹೆಂಡತಿಯ ತವರಿನಿಂದ, ಪುತ್ತೂರಿನ ಕಡೆಯ ಒಂದು ಅಡಿಕೆ ತೋಟದಿಂದ. ಅವರ ಬಾವಿಕಟ್ಟೆಯ ಸುತ್ತ ತಿಮರೆ ಹಾಸಿಕೊಂಡಿತ್ತು. ಅಪ್ಪ ಅಮ್ಮ ಹೋದ ಮೇಲೆ ತೋಟ ಪಾಲಾಯಿತು, ಮಾರಾಟವೂ ಆಯಿತು. ಕೊನೆಯ ಸಲ ಹೋದಾಗ ಅವಳು ಪಾತ್ರೆ ಕೇಳಲಿಲ್ಲ, ಪಟ ಕೇಳಲಿಲ್ಲ. ಬಾವಿಕಟ್ಟೆಗೆ ಹೋಗಿ ಐದು ಹಂಬು ಬೇರು ಸಮೇತ ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಕೆ ಹಾಳೆಯಲ್ಲಿ ಮಡಚಿ ಕಟ್ಟಿಕೊಂಡಳು. ಆಗುಂಬೆ ಘಾಟಿ ಹತ್ತಿ ಶಿವಮೊಗ್ಗ ತಲುಪುವವರೆಗೂ ಆ ಗಂಟು ಅವಳ ತೊಡೆಯ ಮೇಲಿತ್ತು. ಐದರಲ್ಲಿ ಮೂರು ಬದುಕಿದವು. ಈಗ ಆ ಮನೆಯೂ ಇಲ್ಲ, ಬಾವಿಯೂ ಇಲ್ಲ.

ಟಬ್ ತುಂಬಿದಾಗೆಲ್ಲ ಅವಳು ಕರಟದಲ್ಲಿ ಮರಿ ಮಾಡಿ ಬೀದಿಯವರಿಗೆ ಕೊಡುತ್ತಿದ್ದಳು. "ನೆಟ್ಟು ನೋಡಿ, ತಂಬುಳಿಗಾಗುತ್ತದೆ" ಎನ್ನುವಳು. ಯಾರಿಗೆ, ಯಾವ ತಾರೀಕಿಗೆ ಎಂದು ನಾನು ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದೆ. ಲೆಕ್ಕದವನ ಚಾಳಿ. "ಕೊಟ್ಟದ್ದನ್ನು ಬರೆದಿಡುವುದೆಂಥದ್ದು, ವಾಪಸು ಕೇಳಲಿಕ್ಕುಂಟಾ?" ಎಂದು ಅವಳು ನಗುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಮಳೆಗಾಲಕ್ಕೆ ಮೊದಲು ತಾರಸಿಗೆ ನೀರು ಇಳಿಯದಂತೆ ಮದ್ದು ಬಳಿಯುವ ಕೆಲಸ ಆಯಿತು. ಕೆಲಸದವರು ಕುಂಡಗಳನ್ನೆಲ್ಲ ಒಂದು ಮೂಲೆಗೆ ಸರಿಸಿದರು. ಬಳಿದು ಉಳಿದ ಮದ್ದಿನ ಡಬ್ಬ, ಬ್ರಷ್ಷು ತೊಳೆದ ನೀರು ಅದೇ ಟಬ್ಬಿಗೆ ಬಿತ್ತು. ಮೂರೇ ದಿನ, ಎಲೆಯೆಲ್ಲ ಸುಟ್ಟಂತೆ ಕಪ್ಪಾದವು. ಮಣ್ಣು ಬದಲಿಸಿದೆವು, ಬೇರು ತೊಳೆದು ನೆಟ್ಟೆವು. ಒಂದೂ ಚಿಗುರಲಿಲ್ಲ. ನನ್ನ ಹೆಂಡತಿ ಏನೂ ಹೇಳಲಿಲ್ಲ. ಖಾಲಿ ಟಬ್ಬನ್ನು ತೊಳೆದು ಬೋರಲು ಹಾಕಿದಳು. ಒಂದು ವಾರ ತಾರಸಿಗೆ ಹತ್ತಲೇ ಇಲ್ಲ.

ನಾನು ಡೈರಿ ತೆಗೆದೆ. 11 ಮನೆಗಳ ಹೆಸರಿತ್ತು. ಮೊದಲ ಎರಡು ಮನೆಯಲ್ಲಿ ಗಿಡ ಉಳಿದಿರಲಿಲ್ಲ. ಮೂರನೆಯದು ಕೆಳಗಿನ ತಿರುವಿನ ಮನೆ. ಅಲ್ಲಿ ಆರನೇ ತರಗತಿಯ ಹುಡುಗಿ ಬಾಗಿಲು ತೆಗೆದಳು. ವಿಷಯ ಕೇಳಿ ಒಳಗೆ ಓಡಿದಳು. ಸಂಜೆ ತಾನೇ ನಮ್ಮ ಮನೆಗೆ ಬಂದಳು, ಎರಡೂ ಕೈಯಲ್ಲಿ ಒಂದೊಂದು ಕರಟ. "ಅಜ್ಜೀ, ಇದು ನಿಮ್ಮದೇ ಗಿಡ. ನಮ್ಮಲ್ಲಿ ಇನ್ನೂ ಉಂಟು" ಎಂದಳು.

ಮೊದಲು ಹೇಳಿದ ಮಾತು ಈಗ ನೆನಪಿಸಿಕೊಳ್ಳಿ. ಹಂಬಿನಿಂದ ಬಂದ ಮರಿ ಎಂದರೆ ಅದೇ ಗಿಡ. ಆ ಹುಡುಗಿ ತಂದದ್ದು ಬಾವಿಕಟ್ಟೆಯ ತಿಮರೆಯಂಥದ್ದೇ ಇನ್ನೊಂದಲ್ಲ, ಬಾವಿಕಟ್ಟೆಯ ತಿಮರೆಯೇ. ನಾವು ಕೊಟ್ಟಿರದಿದ್ದರೆ ಅದು ಆ ವರ್ಷವೇ ಮುಗಿದುಹೋಗುತ್ತಿತ್ತು. ಲಾಕರಿನಲ್ಲಿಟ್ಟದ್ದು ಮಾತ್ರ ಭದ್ರ ಎಂದು ತಿಳಿದವರು ನಾವು ಬ್ಯಾಂಕಿನವರು. ಕೊಟ್ಟದ್ದೂ ಭದ್ರ ಎಂಬುದನ್ನು ನನಗೆ ಕಲಿಸಿದ್ದು ಈ ಗಿಡ.

ಕೊಯ್ಲು, ಎಚ್ಚರ

ಬ್ಯಾಂಕಿನ ಒಂದು ನಿಯಮ ಇಲ್ಲೂ ನಡೆಯುತ್ತದೆ. ಬಡ್ಡಿ ತಿನ್ನಿ, ಅಸಲಿಗೆ ಕೈ ಹಾಕಬೇಡಿ. ಬಲಿತ ಎಲೆಗಳನ್ನು ತೊಟ್ಟು ಸಮೇತ ಕತ್ತರಿಯಿಂದ ಕತ್ತರಿಸಿ, ಎಳೆಯವನ್ನು ಬಿಡಿ. ಬೇರು ಸಮೇತ ಕೀಳಬೇಡಿ. ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ ಉದುರಿಸಿ. ವರ್ಷಕ್ಕೊಮ್ಮೆ ಗಿಡ ಎತ್ತಿ, ಮಣ್ಣು ಬದಲಿಸಿ, ಗಟ್ಟಿಯಾದ ಮರಿಗಳನ್ನು ಮತ್ತೆ ನೆಡಿ. ಮಳೆಗಾಲದಲ್ಲಿ ಬಸವನಹುಳು ರಾತ್ರಿ ಬಂದು ಎಲೆ ಮೇಯುತ್ತದೆ. ಟಾರ್ಚ್ ಹಿಡಿದು ಹೋಗಿ ಆರಿಸಿ ದೂರ ಬಿಡುವುದೇ ಅದಕ್ಕೆ ಮದ್ದು. ತಿನ್ನುವ ಗಿಡಕ್ಕೆ ವಿಷ ಸಿಂಪಡಿಸಬೇಡಿ.

ಚರಂಡಿಯ ಪಕ್ಕ, ರಸ್ತೆಯ ಅಂಚಿನಲ್ಲಿ ಒಂದೆಲಗ ಎಷ್ಟೇ ಸೊಗಸಾಗಿ ಬೆಳೆದಿದ್ದರೂ ತಿನ್ನಲು ಕೀಳಬೇಡಿ. ಕೊಳೆ ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಈ ಗಿಡ ಹೀರಿಕೊಳ್ಳುತ್ತದೆ, ತೊಳೆದರೆ ಅವು ಹೋಗುವುದಿಲ್ಲ.

ಇನ್ನು ಜ್ಞಾಪಕಶಕ್ತಿಯ ಮಾತು. ಒಂದೆಲಗ ತಿಂದರೆ ನೆನಪು ಚುರುಕಾಗುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ ಮಗ್ಗಿ ಓದದೆ ಬರೀ ತಂಬುಳಿ ಉಂಡರೆ ಮಗ್ಗಿ ಬರುವುದಿಲ್ಲ ಮಕ್ಕಳೇ! ಸೊಪ್ಪನ್ನು ಸೊಪ್ಪಿನ ಹಾಗೆ, ಊಟದ ಜೊತೆ ಹಿತಮಿತವಾಗಿ ತಿನ್ನಿ. ದಿನಾ ಮಾತ್ರೆ ನುಂಗುವ ನನ್ನಂಥ ಹಿರಿಯರು, ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ತಂಬುಳಿ

ಇಪ್ಪತ್ತು ಇಪ್ಪತ್ತೈದು ಎಲೆ ಚೆನ್ನಾಗಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಎಲೆಯನ್ನೂ ಹಾಕಿ ಬಾಡಿಸಿ. ಆರಿದ ಮೇಲೆ ಕಾಲು ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಒಂದೂವರೆ ಬಟ್ಟಲು ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ. ಸ್ವಲ್ಪ ಒಗರು, ಸ್ವಲ್ಪ ಕಹಿ. ಮೊದಲ ತುತ್ತಿಗೆ ಮುಖ ಕಿವುಚಿದವರು ಮೂರನೆಯ ತುತ್ತಿಗೆ ಇನ್ನಷ್ಟು ಕೇಳುತ್ತಾರೆ.

ಈ ವಾರದ ಕೆಲಸ

ಗುರುತಿನವರ ಮನೆಯಿಂದ, ಚೊಕ್ಕ ಜಾಗದಲ್ಲಿ ಬೆಳೆದ ಒಂದೇ ಒಂದು ಹಂಬು ಕೇಳಿ ತನ್ನಿ. ಗಿಡ ಬೆಳೆದು ಹಂಬು ಚಾಚಿದಾಗ ಎರಡು ಕರಟ ಸಿದ್ಧಮಾಡಿ. ಒಂದು ನಿಮ್ಮ ಮನೆಗೆ, ಇನ್ನೊಂದು ಕೊಡುವುದಕ್ಕೆ. ಕೊಡುವಾಗ ಬೇರು ಒದ್ದೆಯಾಗಿರಲಿ, ಹೇಗೆ ನೆಡಬೇಕೆಂದೂ ಹೇಳಿಕೊಡಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ. ತಾರೀಕು, ಯಾರ ಮನೆಯಿಂದ ಬಂತು, ಯಾರ ಮನೆಗೆ ಹೋಯಿತು. ಗಿಡ ಎಲ್ಲಿಂದ ಬಂತೆಂದು ಅಜ್ಜಿಗೆ ಗೊತ್ತಿದ್ದರೆ ಆ ಊರಿನ ಹೆಸರನ್ನೂ ಕೇಳಿ ಬರೆಯಿರಿ. ಅಕ್ಷರ ದುಂಡಗಿರಲಿ. ಆ ಹಾಳೆ ಎಂದು ಯಾರ ಕೆಲಸಕ್ಕೆ ಬರುತ್ತದೆಂದು ಹೇಳಲಾಗದು.